ಟಿಬಿ ಮಾತ್ರೆ ನುಂಗುತ್ತಿರುವಾಗಲೇ ಕಾಲು ಸೋತರೆ: ಮನೆಯವರು ಏನು ನೋಡಬೇಕು, ಏನು ಮಾಡಬೇಕು

ನಮಗೆ ಮೊದಲು ಸುಳಿವು ಕೊಟ್ಟಿದ್ದು ಚಪ್ಪಲಿ.

ತಮ್ಮ ಬಚ್ಚಲಿಗೆ ಹೋಗಿ ವಾಪಸ್ ಬಂದ. ಎಡಗಾಲಲ್ಲಿ ಚಪ್ಪಲಿ ಇತ್ತು, ಬಲಗಾಲಲ್ಲಿ ಇರಲಿಲ್ಲ. "ಇನ್ನೊಂದು ಎಲ್ಲೋ?" ಅಂದೆ. ಕೆಳಗೆ ನೋಡಿಕೊಂಡ. "ಹಾಕ್ಕೊಂಡೇ ಇದ್ನಲ್ಲಕ್ಕಾ" ಅಂದ. ಅದು ಅಂಗಳದ ನಡುವೆ ಬಿದ್ದಿತ್ತು. ಕಾಲಿನಿಂದ ಜಾರಿದ್ದೇ ಅವನಿಗೆ ಗೊತ್ತಾಗಿರಲಿಲ್ಲ. ಅಮ್ಮ, ನಾನು, ಅವನು ಮೂವರೂ ನಕ್ಕೆವು. ನಗಬಾರದಿತ್ತು. ಅವತ್ತೇ ಹೊರಡಬೇಕಿತ್ತು. ಐದು ದಿನ ತಡ ಮಾಡಿದೆವು.

ನಾನು ಡಾಕ್ಟರ್ ಅಲ್ಲ. ಹಿರಿಯೂರು ಕಡೆ ಒಂದು ಹಳ್ಳಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ತಮ್ಮ ಟಾಟಾ ಏಸ್ ಓಡಿಸುತ್ತಿದ್ದ, ಈರುಳ್ಳಿ ಲೋಡು, ದಾಳಿಂಬೆ ಲೋಡು. 2024ರ ಬೇಸಿಗೆಯಲ್ಲಿ ಅವನಿಗೆ ಮೂರು ವಾರ ಬಿಡದ ಜ್ವರ, ತಲೆನೋವು, ವಾಂತಿ. ಆಮೇಲೆ ಮಾತು ತಡವರಿಸಲು ಶುರುವಾಯಿತು. ದೊಡ್ಡಾಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿ, ಮೆದುಳಿನ ಪೊರೆಗೆ ಟಿಬಿ ತಗುಲಿದೆ ಅಂದರು. ಇಪ್ಪತ್ತು ದಿನ ವಾರ್ಡು. ಮನೆಗೆ ಬಂದಮೇಲೆ ಚೆನ್ನಾಗಿ ಊಟ ಮಾಡಿದ, 46 ಕಿಲೋ ಇದ್ದವನು 51 ಆದ. ಗಂಡಾಂತರ ಕಳೆಯಿತು ಅಂತ ಅಮ್ಮ ಹರಕೆಯನ್ನೂ ತೀರಿಸಿದಳು. ಚಪ್ಪಲಿ ಜಾರಿದ್ದು ಅದಾಗಿ ಹತ್ತು ದಿನಕ್ಕೆ.

ಮಾತ್ರೆ ಒಂದು ದಿನವೂ ತಪ್ಪಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮಾತ್ರೆ ಸರಿಯಾಗಿ ನುಂಗುತ್ತಿದ್ದರೂ, ಜ್ವರ ಬಿಟ್ಟಿದ್ದರೂ, ಈ ಕಾಯಿಲೆ ಬೆನ್ನಿಗೆ ಇಳಿಯಬಹುದು. ಅದನ್ನು ನಮಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೋ ಏನೋ, ಡಿಸ್ಚಾರ್ಜ್ ಗಡಿಬಿಡಿಯಲ್ಲಿ ನಮ್ಮ ಕಿವಿಗೆ ಬಿದ್ದಿಲ್ಲ.

ಬೆನ್ನೊಳಗೆ ಆಗುವುದೇನು

ಮೆದುಳಿನ ಸುತ್ತ ಇರುವ ನೀರೇ ಬೆನ್ನುಹುರಿಯ ಸುತ್ತಲೂ ಇರುತ್ತದೆ. ಎರಡಕ್ಕೂ ಒಂದೇ ಪೊರೆ. ಮೇಲೆ ಟಿಬಿ ಆದಾಗ ಅದರ ಕೀವಿನಂಥ ಗಟ್ಟಿ ಅಂಶ ಕೆಳಗೆ ಇಳಿದು ಬೆನ್ನುಹುರಿಯ ಸುತ್ತ, ಅಲ್ಲಿಂದ ಹೊರಡುವ ನರಗಳ ಸುತ್ತ ಮೆತ್ತಿಕೊಳ್ಳುತ್ತದೆ. ನನಗೆ ಅರ್ಥವಾಗಿದ್ದು ಹೀಗೆ: ಹತ್ತು ಎಳೆ ದಾರವನ್ನು ಗಂಜಿಯಲ್ಲಿ ಅದ್ದಿ ಹಾಗೇ ಬಿಟ್ಟರೆ, ಒಣಗಿದ ಮೇಲೆ ಒಂದನ್ನೊಂದು ಬಿಡಿಸೋಕಾಗುತ್ತದಾ? ಎಂಆರ್‌ಐ ತೋರಿಸಿದ ಡಾಕ್ಟರಿಗೆ ಇದನ್ನೇ ಹೇಳಿದೆ. "ಸರಿಯಾಗಿ ಹೇಳಿದ್ರಮ್ಮ" ಅಂದರು. ಅವರು ಅದಕ್ಕೆ ಅರಾಕ್ನಾಯ್ಡೈಟಿಸ್ ಅನ್ನುತ್ತಾರೆ.

ಇನ್ನೂ ಬೇರೆ ಬಗೆಗಳಿವೆ. ಬೆನ್ನುಹುರಿಯ ಒಳಗೇ ಟಿಬಿ ಗಂಟು ಕಟ್ಟಬಹುದು. ಅದಕ್ಕೆ ಟ್ಯೂಬರ್ಕುಲೋಮ ಎಂದು ಹೆಸರು. ಕೆಲವರಿಗೆ ಮೂಳೆಗೇ ಟಿಬಿ ಹಿಡಿದು, ಮೂಳೆ ಕರಗಿ ಕುಸಿದು, ಕೀವು ಹುರಿಯನ್ನು ಒತ್ತುತ್ತದೆ. ಪಕ್ಕದ ಬೆಡ್ಡಿನ ಹೆಂಗಸಿಗೆ ಅದೇ ಆಗಿತ್ತು. ಅವರ ಚೀಟಿಯಲ್ಲಿ 'ಪಾಟ್ಸ್ ಸ್ಪೈನ್' ಅಂತ ಬರೆದಿತ್ತು. ಅಮ್ಮ ಅದನ್ನು ಹೂವಿನ ಪಾಟು ಅಂದುಕೊಂಡಿದ್ದಳು. ಪರ್ಸಿವಲ್ ಪಾಟ್ ಅನ್ನುವ ಲಂಡನ್ನಿನ ಸರ್ಜನ್ 1779ರಲ್ಲಿ ಬೆನ್ನು ಗೂನಾಗಿ ಕಾಲು ಸೋಲುವ ಈ ಕಾಯಿಲೆಯನ್ನು ಬರೆದಿಟ್ಟಿದ್ದರಿಂದ ಆ ಹೆಸರು.

ಮಾತ್ರೆ ಕೆಲಸ ಮಾಡುತ್ತಿದ್ದರೆ ಹೊಸದಾಗಿ ಯಾಕೆ ಬರಬೇಕು? ನಾನೂ ಇದನ್ನೇ ಕೇಳಿದೆ. ಮಾತ್ರೆಯಿಂದ ಟಿಬಿ ಕ್ರಿಮಿ ಸಾಯುತ್ತವೆ. ಸತ್ತ ಕ್ರಿಮಿಗಳ ಮೇಲೂ ನಮ್ಮ ಮೈ ಜಗಳಕ್ಕೆ ನಿಲ್ಲುತ್ತದೆ, ಅಲ್ಲಿ ಊತ ಬರುತ್ತದೆ. ಬೇರೆ ಕಡೆ ಆದರೆ ಆ ಊತ ತಡೆದುಕೊಳ್ಳಬಹುದು. ಬೆನ್ನುಹುರಿ ಇರುವುದು ಮೂಳೆಯ ಕೊಳವೆಯಲ್ಲಿ. ಅಲ್ಲಿ ಊದಿಕೊಳ್ಳಲು ಜಾಗ ಎಲ್ಲಿದೆ? ಇದನ್ನು ಪ್ಯಾರಡಾಕ್ಸಿಕಲ್ ರಿಯಾಕ್ಷನ್ ಅನ್ನುತ್ತಾರೆ. ಊತ ತಗ್ಗಿಸಲೆಂದೇ ಮೊದಲಿನಿಂದ ಸ್ಟೀರಾಯ್ಡ್ ಕೊಟ್ಟು, ಆರೆಂಟು ವಾರಗಳಲ್ಲಿ ಮೆಲ್ಲಗೆ ಇಳಿಸುತ್ತಾರೆ. ನನ್ನ ತಮ್ಮನಿಗೆ ಆಗಿದ್ದು ಸ್ಟೀರಾಯ್ಡ್ ಇಳಿಸುತ್ತಿದ್ದ ಹೊತ್ತಿನಲ್ಲೇ. ಆ ವಾರಗಳಲ್ಲಿ ಕಣ್ಣು ಕಾಲಿನ ಮೇಲಿರಲಿ.

ಮಾತ್ರೆ ನಡೆಯುತ್ತಿರುವಾಗ ಕಾಯಿಲೆ ಹೆಚ್ಚಾದರೆ ಇನ್ನೊಂದು ಅನುಮಾನವೂ ಇರುತ್ತದೆ. ಕ್ರಿಮಿ ಔಷಧಿಗೆ ಬಗ್ಗದ ಜಾತಿಯದಿರಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ. ಮಾಡಿದ್ದಾರಾ ಅಂತ ಕೇಳಿ. ಕೇಳಿದರೆ ಯಾರೂ ಬೈಯಲ್ಲ.

ಮನೆಯಲ್ಲೇ ದಿನಾ ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು ಮೂತ್ರ. ಕಾಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ, ಮೂತ್ರದ ಬಗ್ಗೆ ಗಂಡು ಹುಡುಗನನ್ನು ಯಾರು ಕೇಳುತ್ತಾರೆ? ಇವನು ಬಚ್ಚಲಿನಲ್ಲಿ ಕಾಲು ಗಂಟೆ ನಿಲ್ಲುತ್ತಿದ್ದ. ಬೀಡಿ ಸೇದುತ್ತಿದ್ದಾನೆ ಅಂತ ನಾನು ಬೈದೆ. ಪಾಪ, ಮೂತ್ರ ಬರಲಿ ಅಂತ ಕಾಯುತ್ತಿದ್ದ. ನಾಚಿಕೆ ಬಿಟ್ಟು ಕೇಳಿ: ಶುರುವಾಗಲು ತಡ ಆಗುತ್ತಾ? ಧಾರೆ ಸಣ್ಣ ಆಗಿದೆಯಾ? ಮುಗಿದ ಮೇಲೂ ಉಳಿದಂತೆ ಅನಿಸುತ್ತಾ? ಗೊತ್ತಿಲ್ಲದೆ ಬಟ್ಟೆ ಒದ್ದೆ ಆಗುತ್ತಾ? ನೀವು ಕೇಳಲು ಆಗದಿದ್ದರೆ ಅಪ್ಪನೋ ಗೆಳೆಯನೋ ಕೇಳಲಿ.

ಆಮೇಲೆ ಕಾಲು. ಹಿಮ್ಮಡಿ ಮೇಲೆ ನಾಲ್ಕು ಹೆಜ್ಜೆ, ಆಮೇಲೆ ತುದಿಬೆರಳ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಬೀಳದಂತೆ ಪಕ್ಕದಲ್ಲಿ ನಿಂತು. ನಿನ್ನೆ ಆಗಿದ್ದು ಇವತ್ತು ಆಗದಿದ್ದರೆ ಅದು ಸುದ್ದಿ. ಕಣ್ಣು ಮುಚ್ಚಿಸಿ ಹೆಬ್ಬೆರಳು ಹಿಡಿದು ಮೇಲೆ ಕೆಳಗೆ ಆಡಿಸಿ, ಯಾವ ಕಡೆ ಅಂತ ಕೇಳಿ. ಒದ್ದೆ ಬಟ್ಟೆಯನ್ನು ಪಾದದಿಂದ ಹೊಟ್ಟೆಯವರೆಗೆ ತಾಗಿಸುತ್ತಾ ಬನ್ನಿ. ತಣ್ಣಗೆ ಎಲ್ಲಿಂದ ಗೊತ್ತಾಗುತ್ತದೆ? ಇವನಿಗೆ ಹೊಕ್ಕುಳ ಹತ್ತಿರ ಬಂದಾಗ "ಹಾಂ, ಈಗ" ಅಂದ. ಅಲ್ಲಿ ಹೊಲಿಗೆ ಚಾಕಿನಿಂದ ಗೀಟು ಹಾಕಿದೆ. ಮರುದಿನ ಅದು ಎರಡು ಬೆರಳು ಮೇಲಕ್ಕೆ ಹೋಗಿತ್ತು. ಈ ಬುದ್ಧಿ ನನಗೆ ಐದನೇ ದಿನ ಬಂತು. ಮೊದಲ ದಿನವೇ ಬಂದಿದ್ದರೆ!

ಎದೆಗೋ ಹೊಟ್ಟೆಗೋ ಬಿಗಿಯಾಗಿ ಬೆಲ್ಟು ಕಟ್ಟಿದ ಹಾಗೆ ಅನ್ನಿಸುವುದು, ಬೆನ್ನಿಂದ ಕಾಲಿಗೆ ಶಾಕ್ ಹೊಡೆದ ಹಾಗೆ ನೋವು, ಕೂತೆದ್ದಾಗ ಕಾಲು ಮರಗಟ್ಟಿದಂತೆ ಆಗುವುದು, ಹೊಸದಾಗಿ ಮಲಬದ್ಧತೆ, ಇವೂ ಲೆಕ್ಕಕ್ಕೆ ಬರುತ್ತವೆ. ಬೆನ್ನಿನ ನಡುಗೆರೆಯ ಮೇಲೆ ಬೆರಳಾಡಿಸಿ. ಒಂದು ಕಡೆ ಉಬ್ಬಿದ್ದರೆ, ಒತ್ತಿದರೆ ಜೀವ ಹೋಗುವಷ್ಟು ನೋವಿದ್ದರೆ ಮೂಳೆಯ ಟಿಬಿ ಇರಬಹುದು.

ಜೋಮು ಎಲ್ಲವೂ ಬೆನ್ನುಹುರಿಯದ್ದಲ್ಲ. ಟಿಬಿ ಮಾತ್ರೆಗಳಲ್ಲಿ ಐಸೋನಿಯಾಜಿಡ್ ಅನ್ನುವುದು ಪಾದದ ನರಗಳನ್ನು ಕಾಡುತ್ತದೆ. ಅದರಿಂದ ಎರಡೂ ಪಾದಕ್ಕೆ ಸಮನಾಗಿ, ಸಾಕ್ಸ್ ಹಾಕಿದ ಜಾಗದಲ್ಲಿ ಉರಿ, ಜುಮುಜುಮು ಬರುತ್ತದೆ. ನಿಧಾನಕ್ಕೆ ಬರುತ್ತದೆ, ಮೂತ್ರಕ್ಕೆ ತೊಂದರೆ ಮಾಡುವುದಿಲ್ಲ. ಬಿ6 ಮಾತ್ರೆ ಕೊಡುವುದು ಅದಕ್ಕೇ, ಅದನ್ನು ಬರೀ ವಿಟಮಿನ್ ಅಂತ ಬಿಡಬೇಡಿ. ಆದರೆ ಯಾವುದು ಯಾವುದೆಂದು ತೀರ್ಮಾನ ಮಾಡುವ ಕೆಲಸ ನಮ್ಮದಲ್ಲ. ಕಾಲಿಗೆ ಬಲ ಕಡಿಮೆ ಆದರೆ ಅಥವಾ ಮೂತ್ರ ಕಟ್ಟಿದರೆ ಅವತ್ತೇ, ರಾತ್ರಿಯಾದರೂ ಸರಿ, ಹೊರಡಿ.

ಹೊರಡುವಾಗ

ನಾವು ಐದನೇ ರಾತ್ರಿ ಹೊರಟೆವು. ಹೊಟ್ಟೆಯ ಕೆಳಗೆ ತೆಂಗಿನಕಾಯಿ ಇಟ್ಟ ಹಾಗೆ ಗಟ್ಟಿಯಾಗಿತ್ತು. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿಸಿ ಮೂತ್ರ ತೆಗೆಸಿ, ಆಮೇಲೆ ಸುಮಾರು 160 ಕಿಲೋಮೀಟರ್ ಬೆಂಗಳೂರಿಗೆ ಹೋಗಿದ್ದು ಒಳ್ಳೆಯದಾಯಿತು. ಮೂತ್ರ ತುಂಬಿಕೊಂಡೇ ಅಷ್ಟು ದೂರ ಹೋಗಬೇಡಿ.

ಚೀಲದಲ್ಲಿ ಇಷ್ಟಿರಲಿ: ಹಳೆಯ ಡಿಸ್ಚಾರ್ಜ್ ಚೀಟಿ, ಬೆನ್ನಿನ ನೀರಿನ ರಿಪೋರ್ಟು, ಎಂಆರ್‌ಐ ಫಿಲಂ (ರಿಪೋರ್ಟು ಮಾತ್ರ ಸಾಲದು), ನಡೆಯುತ್ತಿರುವ ಎಲ್ಲ ಮಾತ್ರೆಗಳ ಶೀಟು, ಸ್ಟೀರಾಯ್ಡ್ ಯಾವ ದಿನ ಎಷ್ಟಕ್ಕೆ ಇಳಿಯಿತು ಅನ್ನುವ ಲೆಕ್ಕ, ಆಧಾರ್, ರೇಷನ್ ಕಾರ್ಡು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ.

ಅಲ್ಲಿ ನೀವು ಹೇಳಬೇಕಾದ ಮಾತು ಮೂರೇ. "ಮೆದುಳಿನ ಟಿಬಿಗೆ ಮಾತ್ರೆ ನಡೀತಿದೆ. ಇಂಥ ದಿನದಿಂದ ಕಾಲಿಗೆ ಬಲ ಇಲ್ಲ. ಇಂಥ ಹೊತ್ತಿನಿಂದ ಮೂತ್ರ ಬಂದಿಲ್ಲ." ಸೊಂಟನೋವು ಅಂತ ಶುರು ಮಾಡಿದರೆ ಸಾಲಿನ ಕೊನೆಗೆ ಹೋಗುತ್ತೀರಿ. ಟ್ಯೂಬ್ ಹಾಕಿಸುವ ಮುಂಚೆ ನಾವು ಹೋದ ಕಡೆ ಹಾಗೇ ಆಯಿತು, ನೋವಿನ ಇಂಜೆಕ್ಷನ್ ಕೊಟ್ಟು ಬೆಳಗ್ಗೆ ಬನ್ನಿ ಅಂದರು. ತಪ್ಪು ಅರ್ಧ ನಮ್ಮದೇ. ನಾವು ಹೇಳಿದ್ದೇ ಹಾಗೆ.

ಎಂಆರ್‌ಐ ಬರೆಯುವಾಗ "ಪೂರ್ತಿ ಬೆನ್ನಿನದಾ ಸಾರ್?" ಅಂತ ಮೆಲ್ಲಗೆ ಕೇಳಿ. ಟಿಬಿ ಒಂದೇ ಕಡೆ ಕೂರುವುದಿಲ್ಲ. ಕತ್ತಿನ ಹತ್ತಿರ, ನಡುಬೆನ್ನಿನಲ್ಲಿ, ಸೊಂಟದಲ್ಲಿ ಬಿಟ್ಟು ಬಿಟ್ಟು ಇರಬಹುದು. ಬಣ್ಣದ ಇಂಜೆಕ್ಷನ್ ಕೊಟ್ಟು ತೆಗೆದರೆ ಮೆತ್ತಿಕೊಂಡದ್ದು ಚೆನ್ನಾಗಿ ಕಾಣುತ್ತದಂತೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ.

ಇನ್ನು ನೆಂಟರು. ವಾರ್ಡಿಗೆ ಬಂದ ಚಿಕ್ಕಪ್ಪ ಮೊದಲು ಹೇಳಿದ್ದೇ "ಬೆನ್ನಿನ ನೀರು ತೆಗೆಸಿದ್ರಲ್ಲ, ಅದಕ್ಕೇ ಕಾಲು ಹೋಯ್ತು" ಅಂತ. ಊರಿಗೆ ಊರೇ ಅದನ್ನು ನಂಬಿತು. ಅಮ್ಮ ಎರಡು ದಿನ ಅತ್ತಳು, ಸಹಿ ಹಾಕಿದ್ದು ಅವಳೇ ಅಂತ. ಒಬ್ಬ ಪಿ.ಜಿ. ಡಾಕ್ಟರ್ ಹುಡುಗಿ, ಇನ್ನೂ ಚಿಕ್ಕವಳು, ಅಮ್ಮನ ಪಕ್ಕ ಕೂತು ತನ್ನ ಬೆನ್ನನ್ನೇ ತೋರಿಸಿ ಹೇಳಿದಳು: "ಅಮ್ಮಾ, ಹುರಿ ಇಲ್ಲಿಗೇ ಮುಗಿಯುತ್ತೆ, ಸೊಂಟದ ಮೊದಲನೇ ಎರಡನೇ ಮೂಳೆ ಹತ್ತಿರ. ನಾವು ಸೂಜಿ ಹಾಕೋದು ಅದಕ್ಕಿಂತ ಕೆಳಗೆ, ಮೂರು ನಾಲ್ಕನೇ ಮೂಳೆ ನಡುವೆ, ಇಲ್ಲ ನಾಲ್ಕು ಐದರ ನಡುವೆ. ಅಲ್ಲಿ ಹುರಿಯೇ ಇಲ್ಲ." ಅಮ್ಮ ತನ್ನ ಸೊಂಟ ಮುಟ್ಟಿ ಮುಟ್ಟಿ ನೋಡಿಕೊಂಡಳು. ಅವತ್ತು ಊಟ ಮಾಡಿದಳು. ನಿಮ್ಮ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ. ಈ ಉತ್ತರ ಇಟ್ಟುಕೊಂಡಿರಿ.

ಲಕ್ವ ಅಂತ ಎಣ್ಣೆ ತಿಕ್ಕಿಸಲು, ನರ ಕೂರಿಸಲು ಕರೆದೊಯ್ಯುವವರೂ ಬರುತ್ತಾರೆ. ಮೂಳೆ ಕರಗಿರುವ ಬೆನ್ನನ್ನು ತುಳಿದರೆ, ಒತ್ತಿದರೆ ಉಳಿದ ಕಾಲೂ ಹೋಗುತ್ತದೆ. ನಾನು ಚಿಕ್ಕಪ್ಪನ ಜೊತೆ ಜಗಳವಾಡಿದೆ. ಆರು ತಿಂಗಳು ಮಾತು ಬಿಟ್ಟಿದ್ದರು. ಬಿಡಲಿ ಅಂದುಕೊಂಡೆ.

ಮಾತ್ರೆ ನಿಲ್ಲಿಸಬೇಡಿ

ಕಾಲು ಸೋತಾಗ ನಮ್ಮ ಮನೆಯಲ್ಲಿ ಬಂದ ಮೊದಲ ಯೋಚನೆ "ಈ ಮಾತ್ರೆಯೇ ಆಗಿಬಂದಿಲ್ಲ, ನಿಲ್ಲಿಸೋಣ" ಅಂತ. ಒಂದು ಹೊತ್ತು ನಿಲ್ಲಿಸಿಯೂ ಆಗಿತ್ತು. ಹಾಗೆ ಮಾಡಬೇಡಿ. ಬೆಂಗಳೂರಿನಲ್ಲಿ ಟಿಬಿ ಮಾತ್ರೆ ಹಾಗೇ ಮುಂದುವರಿಸಿ, ಸ್ಟೀರಾಯ್ಡ್ ಮತ್ತೆ ಏರಿಸಿದರು. ಮೊದಲು ರಕ್ತನಾಳಕ್ಕೆ ಇಂಜೆಕ್ಷನ್, ಆಮೇಲೆ ಮಾತ್ರೆ. ಮೆತ್ತಿಕೊಂಡ ನರಗಳಿಗೆ ಆಪರೇಷನ್ ಸಾಮಾನ್ಯವಾಗಿ ಮಾಡುವುದಿಲ್ಲ. ಹುರಿಯೊಳಗಿನ ಗಂಟೂ ಎಷ್ಟೋ ಸಲ ಔಷಧಿಯಲ್ಲೇ ಕರಗುತ್ತದೆ. ಮೂಳೆ ಕುಸಿದು ಹುರಿ ಒತ್ತುತ್ತಿದ್ದರೆ ಆಪರೇಷನ್ ಬೇಕಾಗಬಹುದು. ಆಗ ಹೆದರಿ ಮನೆಗೆ ಓಡಿಬರಬೇಡಿ.

ಶ್ವಾಸಕೋಶದ ಟಿಬಿಗೆ ಆರು ತಿಂಗಳಾದರೆ ಇದಕ್ಕೆ ಜಾಸ್ತಿ. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ಮೂರು, ಒಟ್ಟು 12 ತಿಂಗಳ ಲೆಕ್ಕ. ಇವನಿಗೆ 18 ತಿಂಗಳಿಗೆ ಎಳೆದರು. "ಪಕ್ಕದ ಮನೆಯವರಿಗೆ ಆರೇ ತಿಂಗಳಿಗೆ ವಾಸಿ ಆಯ್ತಲ್ಲ" ಅಂದವರ ಮಾತು ಕೇಳಬೇಡಿ. ಸರ್ಕಾರಿ ಟಿಬಿ ಮಾತ್ರೆ ತೂಕದ ಮೇಲೆ: 35ರಿಂದ 49 ಕಿಲೋಗೆ ದಿನಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು. ಇವನು 51 ಆದಾಗ ಯಾರೂ ಗಮನಿಸಿರಲಿಲ್ಲ, ನಾನೇ ಕೇಳಿದ ಮೇಲೆ ನಾಲ್ಕಾಯಿತು. ತಿಂಗಳಿಗೊಮ್ಮೆ ತೂಕ ನೋಡಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ.

ಮೂತ್ರ ಕಿತ್ತಳೆ ಬಣ್ಣ ಬಂದರೆ ಹೆದರಬೇಡಿ, ಅದು ರಿಫಾಂಪಿಸಿನ್ ಅನ್ನುವ ಟಿಬಿ ಔಷಧಿಯ ಬಣ್ಣ. ಹೆದರಬೇಕಾದ್ದು ಇವಕ್ಕೆ: ಕಣ್ಣು ಹಳದಿ, ಊಟ ಕಂಡರೆ ವಾಕರಿಕೆ, ಬಿಡದ ವಾಂತಿ, ಕಣ್ಣು ಮಂಜು, ಕೆಂಪು ಹಸಿರು ಗೊತ್ತಾಗದೆ ಹೋಗುವುದು. ನಾನು ವಾರಕ್ಕೊಮ್ಮೆ ಕೆಂಪು ದಾರದ ಉಂಡೆ, ಹಸಿರು ದಾರದ ಉಂಡೆ ಹಿಡಿದು ಒಂದೊಂದೇ ಕಣ್ಣಿಗೆ ತೋರಿಸುತ್ತಿದ್ದೆ. ಸ್ಟೀರಾಯ್ಡ್ ಮಾತ್ರ ಏಕ್‌ದಂ ನಿಲ್ಲಿಸುವಂತಿಲ್ಲ, ಅಂಗಡಿಯಲ್ಲಿ ಸಿಗಲಿಲ್ಲ ಅಂತ ಎರಡು ದಿನ ಬಿಡುವಂತೆಯೂ ಇಲ್ಲ. ಶುಗರ್ ಏರಿಸುತ್ತದೆ, ಆಗಾಗ ನೋಡಿಸಿ. ಫಿಟ್ಸ್ ಮಾತ್ರೆಯೋ ಗರ್ಭ ತಡೆಯುವ ಮಾತ್ರೆಯೋ ಇದ್ದರೆ ಹೇಳಿ, ರಿಫಾಂಪಿಸಿನ್ ಅವುಗಳ ಬಲ ಕುಂದಿಸುತ್ತದೆ.

ಮೂತ್ರದ ಕೆಲಸ

ಮನೆಗೆ ಬಂದಮೇಲೆ ನಮ್ಮ ದಿನವೆಲ್ಲ ಇದರ ಸುತ್ತಲೇ ತಿರುಗಿತು. ಹಾಗಾಗಿ ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಟ್ಯೂಬು, ಚೀಲ ಇತ್ತು. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು. ಆಟೊ ಹತ್ತಿಸುವಾಗ ಸಹಾಯಕ್ಕೆ ಬಂದವರು ಅದನ್ನು ಮೇಲೆತ್ತಿ ಹಿಡಿಯುತ್ತಾರೆ, ಗ್ಲೂಕೋಸ್ ಬಾಟಲಿ ಹಾಗೆ. ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಮೊದಲೇ ಹೇಳಿಬಿಡಿ. ಹಾಸಿಗೆ ಮೇಲೂ ಇಡಬೇಡಿ, ನೆಲಕ್ಕೂ ತಾಗಿಸಬೇಡಿ. ಮಂಚದ ಪಟ್ಟಿಗೆ ಕೊಕ್ಕೆ ಹೊಲಿದುಕೊಟ್ಟಿದ್ದೆ.

ಆಮೇಲೆ ಒಬ್ಬ ಬ್ರದರ್, ಗಂಡು ನರ್ಸ್, ತಮ್ಮನಿಗೆ ತಾನೇ ಟ್ಯೂಬ್ ಹಾಕಿ ತೆಗೆಯುವುದನ್ನು ಕಲಿಸಿದರು. ನಾಲ್ಕೈದು ಗಂಟೆಗೊಮ್ಮೆ ಹಾಕಿ, ಖಾಲಿ ಮಾಡಿ, ತೆಗೆದುಬಿಡುವುದು. ನನಗೆ ಕಲಿಯಲು ಹೇಳಿದಾಗ ಅವನೇ "ಅಕ್ಕಂಗೆ ಬೇಡ, ನಾನೇ ಕಲೀತೀನಿ" ಅಂದ. ಕೈಯಲ್ಲಿ ಬಲ ಇದ್ದವರಿಗೆ ಅದೇ ಒಳ್ಳೆಯದು. ಸೋಪಿನಲ್ಲಿ ಕೈ ತೊಳೆಯುವುದು, ಉಗುರು ಕತ್ತರಿಸಿರುವುದು, ಜಾಗ ತೊಳೆಯುವುದು, ಟ್ಯೂಬಿಗೆ ಜೆಲ್ ಹಚ್ಚುವುದು, ಮೆಲ್ಲಗೆ ಬಿಡುವುದು. ತಡೆದಂತೆ ಆದರೆ ಕೆಮ್ಮಿ, ಉಸಿರು ಬಿಟ್ಟು, ಕಾದು ನೋಡಬೇಕು. ನೂಕಬಾರದು. ಮೂತ್ರ ಶುರುವಾದ ಮೇಲೆ ಇನ್ನೊಂದಿಂಚು ಒಳಗೆ ಬಿಟ್ಟು ನಿಲ್ಲಿಸುವುದು. ನಿಂತ ಮೇಲೆ ನಿಧಾನಕ್ಕೆ ಎಳೆಯುವುದು. ಓದಿ ಕಲಿಯುವ ಕೆಲಸ ಅಲ್ಲ ಇದು, ಒಬ್ಬರು ಎದುರಿಗೆ ನಿಂತು ಕಲಿಸಬೇಕು. ಕಲಿಸದೆ ಡಿಸ್ಚಾರ್ಜ್ ಮಾಡಿದರೆ "ಕಲಿಸಿ ಕಳಿಸಿ" ಅಂತ ಹಟ ಹಿಡಿಯಿರಿ.

ಒಂದು ನೋಟ್‌ಬುಕ್, ಒಂದು ಅಳತೆ ಜಗ್. ಎಷ್ಟು ಗಂಟೆಗೆ, ಎಷ್ಟು ಕುಡಿದ, ಎಷ್ಟು ಬಂತು. ಒಂದು ಸಲಕ್ಕೆ 400–500 ಮಿಲಿ ದಾಟಬಾರದು. ದಾಟುತ್ತಿದ್ದರೆ ಗಂಟೆ ಕಡಿಮೆ ಮಾಡಬೇಕು. ಮದುವೆ ಮನೆಗೆ ಹೋದ ದಿನ 700 ಬಂದಿತ್ತು, ಪಾನಕ ಕುಡಿದಿದ್ದಾನೆ! ಮೂತ್ರ ಜಾಸ್ತಿ ಆದೀತು ಅಂತ ಹೆದರಿ ನೀರು ಕಡಿಮೆ ಕುಡಿಯುವವರಿದ್ದಾರೆ, ಅದೂ ತಪ್ಪು. ಹಗಲೆಲ್ಲ ಹಂಚಿ ಕುಡಿದು, ಸಂಜೆ ಮೇಲೆ ಕಡಿಮೆ ಮಾಡಿ. ಕದಡಿದ ಮೂತ್ರ, ಕೆಟ್ಟ ವಾಸನೆ, ಚಳಿ ಜ್ವರ, ಕಾಲು ಮಾಮೂಲಿಗಿಂತ ಜಾಸ್ತಿ ಸೆಟೆದುಕೊಳ್ಳುವುದು ಇವೆಲ್ಲ ಇನ್ಫೆಕ್ಷನ್ ಗುರುತು.

ಎದೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಹುರಿಗೆ ಪೆಟ್ಟಾದವರಿಗೆ ಇನ್ನೊಂದು ಅಪಾಯ ಇದೆ. ಮೂತ್ರ ತುಂಬಿದಾಗ ಅಥವಾ ಟ್ಯೂಬ್ ಮಡಚಿಕೊಂಡಾಗ ಬಿಪಿ ಜರ್ರನೆ ಏರುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ತಲೆನೋವಿನ ಮಾತ್ರೆ ಹುಡುಕಬೇಡಿ. ಡಾಕ್ಟರ್ ಕೂರಬಹುದು ಅಂದಿದ್ದರೆ ಎಬ್ಬಿಸಿ ಕೂರಿಸಿ, ಇಲ್ಲದಿದ್ದರೆ ಬೆನ್ನು ಬಾಗದಂತೆ ತಲೆ ಕಡೆ ಮಂಚ ಎತ್ತರಿಸಿ. ಬಿಗಿ ಬಟ್ಟೆ ಸಡಿಲಿಸಿ, ಟ್ಯೂಬ್ ನೋಡಿ, ಮೂತ್ರ ಖಾಲಿ ಮಾಡಿಸಿ. ಇಳಿಯದಿದ್ದರೆ ಆಸ್ಪತ್ರೆಗೆ ಓಡಿ.

ಮಲದ್ದು ಇಷ್ಟೇ: ದಿನಾ ಒಂದೇ ಹೊತ್ತು, ಊಟವೋ ಬಿಸಿ ಕಾಫಿಯೋ ಆದ ಅರ್ಧ ಗಂಟೆಗೆ. ಬಂದರೂ ಬರದಿದ್ದರೂ ಅದೇ ಹೊತ್ತಿಗೆ ಪ್ರಯತ್ನ. ನಮಗೆ ಹದ ಸಿಗಲು ಆರು ವಾರ ಹಿಡಿಯಿತು.

ಚರ್ಮ, ಬಟ್ಟೆ, ಬಿಸಿ

ತಪ್ಪೊಪ್ಪಿಗೆ ಇಲ್ಲಿದೆ. ಡಿಸೆಂಬರ್ ಚಳಿಯಲ್ಲಿ ಅವನ ಕಾಲು ಮುಟ್ಟಿದರೆ ಐಸ್. ಅಮ್ಮ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಮೊಣಕಾಲ ಹತ್ತಿರ ಶಾಖ ಕೊಟ್ಟಳು. "ಬಿಸಿ ಆಗ್ತಿದೆಯೇನೋ?" "ಇಲ್ಲಮ್ಮ." ಆಗುತ್ತಿಲ್ಲ ಅಂದನೆಂದು ಇನ್ನಷ್ಟು ಹೊತ್ತು ಇಟ್ಟಳು. ಬೆಳಗ್ಗೆ ನೋಡಿದರೆ ಅಂಗೈ ಅಗಲ ಗುಳ್ಳೆ. ವಾಸಿಯಾಗಲು ಎರಡು ತಿಂಗಳು. ಸ್ಪರ್ಶ ಇಲ್ಲದ ಜಾಗಕ್ಕೆ ಶಾಖ, ಬಿಸಿನೀರಿನ ಚೀಲ, ಒಲೆ ಮುಂದೆ ಕೂರುವುದು, ಬಿಸಿ ತಟ್ಟೆ ತೊಡೆ ಮೇಲೆ ಇಟ್ಟುಕೊಂಡು ಊಟ, ಯಾವುದೂ ಬೇಡ. ಸ್ನಾನದ ನೀರನ್ನು ನಿಮ್ಮ ಮೊಣಕೈಯಲ್ಲಿ ನೋಡಿ ಹಾಕಿ.

ಹಾಸಿಗೆ ಹುಣ್ಣು ಬಾರದಿರಲು ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ರಾತ್ರಿಯೂ. ನಾನು ಹತ್ತು ಗಂಟೆಯವರೆಗೆ, ಅಮ್ಮ ಹನ್ನೆರಡು ಮತ್ತು ಎರಡಕ್ಕೆ, ನಾಲ್ಕಕ್ಕೆ ನಾನು. ಬೆನ್ನುಮೂಳೆಯ ಟಿಬಿ ಇದ್ದರೆ ಒಬ್ಬರೇ ಎಳೆದು ಹೊರಳಿಸುವಂತಿಲ್ಲ. ಭುಜ, ಸೊಂಟ, ಕಾಲು ಹಿಡಿದು ಮೂರು ಜನ ಒಂದೇ ಸಲ, ದಿಮ್ಮಿ ಉರುಳಿಸಿದ ಹಾಗೆ. ಡಾಕ್ಟರ್ ಹೇಳುವವರೆಗೆ ಕೂರಿಸಲೂಬಾರದು.

ಕೆಂಪಾಗಿದೆಯಾ ನೋಡಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಎಲ್ಲಿ ಕಾಣುತ್ತೆ? ಕೈಯಿಂದ ನೋಡಿ. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕ ಹಿಂಗೈ ತಾಗಿಸಿ. ಸುತ್ತಲಿಗಿಂತ ಬಿಸಿಯಾಗಿದ್ದರೆ, ಗಟ್ಟಿ ಅನಿಸಿದರೆ, ಬಣ್ಣ ಇನ್ನಷ್ಟು ಕಪ್ಪಾಗಿದ್ದರೆ ಆ ಜಾಗದ ಮೇಲೆ ಭಾರ ಹಾಕಬೇಡಿ. ಟೈರ್ ಟ್ಯೂಬಿನಂಥ ಗುಂಡು ಗಾಳಿ ದಿಂಬು ಕೊಡಿಸಬೇಡಿ, ಅದರ ಅಂಚು ಸುತ್ತಲೂ ರಕ್ತ ತಡೆಯುತ್ತದೆ. ಗಾಳಿ ಹಾಸಿಗೆ ಬಾಡಿಗೆಗೂ ಸಿಗುತ್ತದೆ.

ಬಟ್ಟೆ ನನ್ನ ಇಲಾಖೆ. ಇವನ ಪ್ಯಾಂಟುಗಳ ಹಿಂದಿನ ಜೇಬು ಬಿಚ್ಚಿ ತೆಗೆದೆ. ಜೀನ್ಸಿನ ತಾಮ್ರದ ಗುಂಡಿ, ದಪ್ಪ ಹೊಲಿಗೆ ಕೂತಲ್ಲಿ ಒತ್ತಿ ಹುಣ್ಣು ಮಾಡುತ್ತವೆ. ಹಳೆಯ ಕಾಟನ್ ಸೀರೆಯಲ್ಲಿ ನಾಡಾ ಇರುವ ಸಡಿಲ ಪೈಜಾಮ ಹೊಲಿದೆ, ಹೊಲಿಗೆ ಅಂಚು ಹೊರಗೆ ಬರುವ ಹಾಗೆ. ನೋಡಲು ಉಲ್ಟಾ ಹಾಕಿದಂತೆ ಕಾಣುತ್ತದೆ, ಕಾಣಲಿ. ಹಾಸಿಗೆಯ ಮೇಲೆ ಸೂಜಿ, ಗುಂಡುಪಿನ್ನು ಬೀಳದಂತೆ ಮಷಿನ್ನು ಪಡಸಾಲೆಗೆ ಸಾಗಿಸಿದೆ.

ಇಂಚುಟೇಪಿಗೂ ಕೆಲಸ ಸಿಕ್ಕಿತು. ಓಡಾಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಮೀನಖಂಡದ ಸುತ್ತಳತೆ ಪ್ರತಿ ಭಾನುವಾರ ತೆಗೆದು ಬರೆಯುತ್ತಿದ್ದೆ. ಮೂರು ಸೆಂಟಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ, ಒಂದೇ ಕಾಲು ಊದಿ ಬೆಚ್ಚಗಾದರೆ ಅವತ್ತೇ ತೋರಿಸಬೇಕು. ಅಂಥ ಕಾಲನ್ನು ತಿಕ್ಕಬಾರದು. ಒಮ್ಮೆಲೇ ಉಸಿರು ಕಟ್ಟಿದರೆ 108.

ವ್ಯಾಯಾಮ, ಕಾಗದಪತ್ರ

ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದನ್ನು ದಿನಕ್ಕೆ ಎರಡು ಸಲ. ಪಾದ ಕೆಳಗೆ ಜೋತು ಬೀಳದಂತೆ ಸ್ಪ್ಲಿಂಟ್. ಕಾಲು ತಾನಾಗೇ ಎಗರಿದಾಗ ಮನೆಯಲ್ಲಿ ಸಂಭ್ರಮ ಆಗುತ್ತದೆ, "ನೋಡು, ಕಾಲು ಆಡಿಸ್ತಾ ಇದ್ದಾನೆ" ಅಂತ. ಅದು ಸೆಳೆತ, ಅವನು ಆಡಿಸಿದ್ದಲ್ಲ. ನಮಗೂ ಹಾಗೇ ಮೋಸ ಆಯಿತು. ನಿಜವಾದದ್ದು ಬಂದಾಗ ಬಹಳ ಚಿಕ್ಕದಾಗಿ ಬಂತು. ನಾಲ್ಕನೇ ತಿಂಗಳಲ್ಲಿ, ಹೇಳಿದಾಗ ಮಾತ್ರ, ಎಡಗಾಲ ಹೆಬ್ಬೆರಳು ಒಂದಿಷ್ಟು ಅಲುಗಿತು.

ನಿಕ್ಷಯ್ ಐಡಿ, ಅಂದರೆ ಟಿಬಿ ರೋಗಿಗೆ ಸರ್ಕಾರ ಕೊಡುವ ನೋಂದಣಿ ನಂಬರ್, ಮಾಡಿಸಿ, ಖಾಸಗಿಯಲ್ಲಿ ತೋರಿಸುತ್ತಿದ್ದರೂ ಸಿಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಇದ್ದದ್ದು 2024ರ ನವೆಂಬರ್‌ನಿಂದ 1000 ಆಗಿದೆ, ಬ್ಯಾಂಕ್ ಖಾತೆಗೆ ಬರುತ್ತದೆ. ಟಿಬಿ ಸಹಾಯವಾಣಿ 1800-11-6666. ಬರೀ ಮೆದುಳು, ಬೆನ್ನಿನ ಟಿಬಿ ಇನ್ನೊಬ್ಬರಿಗೆ ಹರಡುವುದಿಲ್ಲ, ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ. ಆದರೂ ಎದೆಯಲ್ಲೂ ಇದೆಯಾ ಅಂತ ನೋಡಿಸಿ, ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ, ಚಿಕ್ಕ ಮಕ್ಕಳಿದ್ದರೆ ಮೊದಲು ಅವರಿಗೆ. ಅಂಗವಿಕಲರ ಗುರುತಿನ ಚೀಟಿ, ಯುಡಿಐಡಿ, ಕಾಲು ಸರಿಹೋಗುತ್ತೆ ಅಂತ ಮುಂದೂಡಬೇಡಿ. ಸವಲತ್ತಿಗೆ ಸಾಮಾನ್ಯವಾಗಿ ಶೇಕಡಾ 40 ಬೇಕು.

ಇವನಿಗೆ ಮಾತ್ರೆ ಮುಗಿದಿದೆ. ಮುಗಿದರೂ ಫಿಲಂಗಳನ್ನು ಅಟ್ಟಕ್ಕೆ ಹಾಕಿಲ್ಲ. ಮೆತ್ತಿಕೊಂಡ ಜಾಗದಲ್ಲಿ ನೀರಿನ ಹರಿವು ತಡೆದು, ವರ್ಷಗಳ ಮೇಲೆ ಹುರಿಯೊಳಗೆ ನೀರಿನ ಗುಳ್ಳೆ ಕಟ್ಟುವುದುಂಟು. ಕೈಗೆ ಬಿಸಿ ತಣ್ಣಗೆ ಗೊತ್ತಾಗದಿದ್ದರೆ, ಸರಿಯಾಗುತ್ತಿದ್ದ ಕಾಲು ಮತ್ತೆ ಸೋತರೆ ತಿರುಗಿ ಎಂಆರ್‌ಐ ಬೇಕು. ಈಗ ವಾಕರ್ ಹಿಡಿದು ಗೇಟಿನವರೆಗೆ ಹೋಗುತ್ತಾನೆ. ಟ್ಯೂಬ್ ದಿನಕ್ಕೆ ಎರಡು ಸಲಕ್ಕೆ ಇಳಿದಿದೆ. ಬಲಪಾದಕ್ಕೆ ಇನ್ನೂ ಪೂರ್ತಿ ಸ್ಪರ್ಶ ಬಂದಿಲ್ಲ, ಅದಕ್ಕೇ ಚಪ್ಪಲಿಯ ಹಿಂದೆ ಒಂದು ಪಟ್ಟಿ ಹೊಲಿದು ವೆಲ್ಕ್ರೊ ಹಾಕಿಕೊಟ್ಟಿದ್ದೇನೆ. ಎರಡು ಬೆರಳು ಅಗಲದ ಮೆತ್ತನೆ ಪಟ್ಟಿ ಆದರೆ ಸಾಕು, ತೆಳುವಾದದ್ದು ಹಿಮ್ಮಡಿ ಕೊಯ್ಯುತ್ತದೆ.